ಮಲೆನಾಡಿನ ಹಸಿರುಮನೆಯ ಗಾಳಿ ಮತ್ತು ತರಕಾರಿ ಬೆಳೆಗಳ ದ್ಯುತಿಸಂಶ್ಲೇಷಣೆ

ಸಕಲೇಶಪುರದಿಂದ ಮಂಗಳೂರಿನ ಕಡೆಗೆ ಇಳಿಯುವ ಹೆದ್ದಾರಿಯ ಬದಿಯಲ್ಲಿ, ಊರಿನಿಂದ ಅನತಿ ದೂರದಲ್ಲಿ, ಮಂಜರಾಬಾದಿನ ಕೋಟೆಯಿದೆ. ಟಿಪ್ಪು ಸುಲ್ತಾನನು 1792ರಲ್ಲಿ ಕಟ್ಟಿಸಿದನೆಂದು ಹೇಳುವ ಈ ನಕ್ಷತ್ರಾಕಾರದ ಕೋಟೆಯನ್ನು ನೋಡಲು ಪ್ರತಿ ವರ್ಷವೂ ನಾವು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗುವುದುಂಟು. ಕೋಟೆಯನ್ನು ಮಂಜು ಮುಸುಕಿದ್ದುದರಿಂದಲೇ ಅದಕ್ಕೆ ಮಂಜರಾಬಾದ್ ಎಂಬ ಹೆಸರು ಬಂದಿತೆಂದು ಆ ಕಡೆಯ ಜನ ಹೇಳುತ್ತಾರೆ. ಶಬ್ದನಿಷ್ಪತ್ತಿಯ ದೃಷ್ಟಿಯಿಂದ ಈ ಹೇಳಿಕೆಯ ಹೊಣೆಯನ್ನು ನಾವು ಹೊರಲಾರೆವಾದರೂ, ಜನವರಿ ತಿಂಗಳ ಬೆಳಗಿನಲ್ಲಿ ಅಲ್ಲಿ ನಿಂತವರು ಅದನ್ನು ಅಲ್ಲಗಳೆಯುವುದು ಕಷ್ಟ. ಅಂತಹ ಒಂದು ಬೆಳಿಗ್ಗೆ, ಕೋಟೆಯಿಂದ ಹಿಂದಿರುಗಿ ಆಲೂರಿನ ಮಾರ್ಗವಾಗಿ ಬರುತ್ತಿದ್ದಾಗ, ವಿದ್ಯಾರ್ಥಿಯೊಬ್ಬನ ಬಂಧುಗಳ ಜಮೀನಿನಲ್ಲಿ ಕಟ್ಟಿದ್ದ ಪಾಲಿಹೌಸನ್ನು ನೋಡುವ ಪ್ರಸಂಗ ಒದಗಿತು. ಇತಿಹಾಸವನ್ನು ಬೋಧಿಸುವ ನಾವು ಗಿಡಗಳ ಉಸಿರಿನ ವಿಷಯವಾಗಿ ಈ ಲೇಖನವನ್ನು ಬರೆಯಲು ಅದೇ ಕಾರಣ.

ಒಳಗೆ ದೊಣ್ಣೆಮೆಣಸಿನಕಾಯಿಯ ಗಿಡಗಳು ದಾರದ ಆಸರೆಯಲ್ಲಿ ಆಳೆತ್ತರ ಬೆಳೆದಿದ್ದುವು. ಎಲೆಗಳೇನೋ ಅಗಲವಾಗಿ, ಮೃದುವಾಗಿ, ಕಣ್ಣಿಗೆ ಸೊಂಪಾಗಿದ್ದುವು. ಆದರೆ ಕಾಯಿಗಳು ವಿರಳ, ಇದ್ದವೂ ಸಣ್ಣವು. ಹೊತ್ತು ಒಂಬತ್ತೂವರೆ ಗಂಟೆಯಾಗಿದ್ದಿತು. ಬಿಸಿಲು ಚೆನ್ನಾಗಿ ಏರಿದ್ದರೂ ನಾಲ್ಕು ಕಡೆಯ ಪರದೆಗಳೂ ನೆಲದವರೆಗೆ ಇಳಿದೇ ಇದ್ದುವು. "ಗೊಬ್ಬರಕ್ಕೇನೂ ಕಡಿಮೆ ಮಾಡಿಲ್ಲ ಮೇಷ್ಟ್ರೇ, ನೀರಿಗೂ ಕಡಿಮೆ ಮಾಡಿಲ್ಲ. ಚಳಿ ತಾಗಬಾರದು ಅಂತ ಹತ್ತು ಗಂಟೆಯವರೆಗೆ ಪರದೆಯನ್ನೂ ಎತ್ತೋದಿಲ್ಲ" ಎಂದು ಆ ಹಿರಿಯರು ಹೇಳಿದರು. ಸಹಾಯಧನ ಹೋಗಿ ಉಳಿದ ಹಣಕ್ಕೆ ಮಾಡಿದ ಸಾಲದ ಮಾತನ್ನೂ ಅವರು ಮರೆಮಾಚಲಿಲ್ಲ. ಚಳಿ ತಾಗಬಾರದೆಂಬ ಅವರ ಆ ಎಚ್ಚರವೇ ಬೆಳೆಯನ್ನು ಹಸಿವಿನಲ್ಲಿ ಇಟ್ಟಿರಬಹುದೇ ಎಂಬ ಪ್ರಶ್ನೆ ಆಗ ನಮಗೆ ಹೊಳೆಯಲಿಲ್ಲ. ಸಸ್ಯಶಾಸ್ತ್ರದ ಸಹೋದ್ಯೋಗಿಗಳೊಡನೆ ಚರ್ಚಿಸಿ, ಹಳೆಯ ಹೊಸ ಗ್ರಂಥಗಳನ್ನು ತಿರುವಿಹಾಕಿದ ಮೇಲೆ ತಿಳಿದುಬಂದುದನ್ನು ಇಲ್ಲಿ ನಿರೂಪಿಸುತ್ತೇವೆ.

ಗಿಡವು ಮಣ್ಣನ್ನು ತಿಂದು ಬೆಳೆಯುತ್ತದೆಯೆಂಬುದು ಬಹುಕಾಲದ ನಂಬಿಕೆ. ನೀರು ಮತ್ತು ಲವಣಗಳು ಮಣ್ಣಿನಿಂದ ಬರುವುದು ನಿಜವಾದರೂ, ಒಣಗಿಸಿದ ಗಿಡದ ತೂಕದಲ್ಲಿ ಬಹುಭಾಗಕ್ಕೆ ಮೂಲವಾದುದು ಗಾಳಿಯೇ. ಇದು ಮನುಷ್ಯನಿಗೆ ಒಮ್ಮೆಲೇ ತಿಳಿದ ಸಂಗತಿಯಲ್ಲ. ಸ್ಟೀಫನ್ ಹೇಲ್ಸ್ ಎಂಬ ಇಂಗ್ಲಿಷ್ ಪಾದ್ರಿ 1727ರಲ್ಲಿಯೇ ಗಾಳಿಯೂ ಸಸ್ಯಕ್ಕೆ ಆಹಾರವಾಗುತ್ತಿರಬೇಕೆಂದು ಊಹಿಸಿದ್ದನು. 1771ರಲ್ಲಿ ಜೋಸೆಫ್ ಪ್ರೀಸ್ಟ್ಲಿ, ಮೋಂಬತ್ತಿ ಉರಿದು ಕೆಟ್ಟ ಗಾಳಿಯನ್ನು ಪುದೀನದ ಒಂದು ಕೊಂಬೆ ಮತ್ತೆ ಉಸಿರಾಟಕ್ಕೆ ಯೋಗ್ಯವಾಗುವಂತೆ ಮಾಡುವುದನ್ನು ಕಂಡನು. ಈ ಕಾರ್ಯ ಬೆಳಕಿನಲ್ಲಿ ಮಾತ್ರ, ಹಸಿರು ಭಾಗಗಳಿಂದ ಮಾತ್ರ ನಡೆಯುತ್ತದೆಯೆಂಬುದನ್ನು 1779ರಲ್ಲಿ ಯಾನ್ ಇಂಗೆನ್‌ಹೌಸ್ ಸ್ಥಾಪಿಸಿದನು. ಅದಕ್ಕೆ ಇಂಗಾಲದ ಡೈಆಕ್ಸೈಡು ಅವಶ್ಯಕವೆಂಬುದನ್ನು 1782ರಲ್ಲಿ ಸೆನೆಬಿಯೇ ತೋರಿಸಿದನು. 1804ರಲ್ಲಿ ಸೋಸ್ಯೂರ್ ತಕ್ಕಡಿಯನ್ನು ಹಿಡಿದು ನೀರೂ ಈ ಅಡುಗೆಯಲ್ಲಿ ಸೇರುತ್ತದೆಯೆಂದು ಲೆಕ್ಕ ಒಪ್ಪಿಸಿದನು. ನಮ್ಮ ದೇಶದ ಜಗದೀಶಚಂದ್ರ ಬೋಸರೂ ಈ ವಿಷಯವಾಗಿ 1924ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದ್ದರು. ಎಲೆಯೊಳಗೆ ಇಂಗಾಲವು ಯಾವ ಯಾವ ರೂಪ ತಾಳಿ ಸಕ್ಕರೆಯಾಗುತ್ತದೆಂಬುದನ್ನು ವಿಕಿರಣಶೀಲ ಇಂಗಾಲದ ಸಹಾಯದಿಂದ ಬಿಡಿಸಿ ತೋರಿಸಿದ ಮೆಲ್ವಿನ್ ಕ್ಯಾಲ್ವಿನ್ನನಿಗೆ 1961ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಇಂಗಾಲದ ಡೈಆಕ್ಸೈಡನ್ನು ನಮ್ಮ ಹಿಂದಿನ ಪಠ್ಯಪುಸ್ತಕಗಳು ಇಂಗಾಲಾಮ್ಲ ವಾಯುವೆಂದು ಕರೆಯುತ್ತಿದ್ದುವು. ಓದಲು ಸುಲಭವಾದ ಆ ಹೆಸರನ್ನೇ ಇಲ್ಲಿ ನಾವೂ ಇಟ್ಟುಕೊಳ್ಳುತ್ತೇವೆ. ಗಾಳಿಯಲ್ಲಿ ಇದರ ಪ್ರಮಾಣ ಅತ್ಯಲ್ಪ. 1958ರಲ್ಲಿ ಹವಾಯಿ ದ್ವೀಪದ ಮೌನಾ ಲೋವ ಪರ್ವತದ ಮೇಲೆ ಚಾರ್ಲ್ಸ್ ಕೀಲಿಂಗ್ ಅಳೆಯಲು ತೊಡಗಿದಾಗ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಸುಮಾರು 315 ಪಾಲು ಇದ್ದಿತು. ಇಂದು ಅದು 420ನ್ನು ದಾಟಿದೆ. ಈ ಹೆಚ್ಚಳ ಜಗತ್ತಿಗೆ ತಂದಿರುವ ಅನರ್ಥ ಎಲ್ಲರೂ ಅರಿತುದೇ. ಆದರೂ ಗಿಡದ ದೃಷ್ಟಿಯಿಂದ ನೋಡಿದರೆ ಇದು ಇನ್ನೂ ತೆಳುವಾದ ಗಂಜಿ. ಟೊಮೆಟೊ, ಸೌತೆ, ದೊಣ್ಣೆಮೆಣಸು ಮೊದಲಾದ ತರಕಾರಿಗಳು 800ರಿಂದ 1000 ಪಾಲಿನವರೆಗೂ ಕೊಟ್ಟಷ್ಟನ್ನು ಉಂಡು ಬೆಳೆಯಬಲ್ಲುವು.

ಈ ವಾಯುವು ಎಲೆಯನ್ನು ಸೇರುವ ಬಾಗಿಲುಗಳೇ ಪತ್ರರಂಧ್ರಗಳು. ಅವು ಬರಿಗಣ್ಣಿಗೆ ಕಾಣದಷ್ಟು ಸೂಕ್ಷ್ಮವಾದುವು. ಹೆಚ್ಚಾಗಿ ಎಲೆಯ ಕೆಳಮೈಯಲ್ಲಿರುತ್ತವೆ. ಇಂಗಾಲಾಮ್ಲ ಒಳಗೆ ಬರಬೇಕಾದರೆ ಈ ಬಾಗಿಲು ತೆರೆದಿರಬೇಕು. ಬಾಗಿಲು ತೆರೆದಾಗ ಒಳಗಿನ ನೀರು ಆವಿಯಾಗಿ ಹೊರಗೆ ಹೋಗುವುದನ್ನು ತಡೆಯಲಾಗದು. ಅನ್ನ ಬೇಕೆಂದರೆ ನೀರನ್ನು ತೆರಬೇಕು. ನೀರನ್ನು ಉಳಿಸಿಕೊಂಡರೆ ಅನ್ನವಿಲ್ಲ. ಗಿಡದ ಸಂಸಾರವೆಲ್ಲವೂ ಈ ಇಕ್ಕಟ್ಟಿನಲ್ಲಿ ನಡೆಯುತ್ತದೆ. ಹಸಿರುಮನೆಯ ಗಾಳಿಯ ಉಷ್ಣತೆ, ತೇವ, ಚಲನೆ, ಅದರಲ್ಲಿರುವ ಇಂಗಾಲಾಮ್ಲ ಇವೆಲ್ಲವೂ ಕಡೆಗೆ ಈ ಬಾಗಿಲಿನ ಬಳಿಯಲ್ಲಿಯೇ ಸಂಧಿಸುತ್ತವೆ.

ಈಗ ಮುಚ್ಚಿದ ಪಾಲಿಹೌಸಿನ ಲೆಕ್ಕವನ್ನು ನೋಡೋಣ. ಒಂದು ಚದರ ಮೀಟರು ನೆಲದ ಮೇಲೆ ಸರಾಸರಿ ನಾಲ್ಕು ಮೀಟರು ಎತ್ತರದ ಗಾಳಿಯಿದೆಯೆಂದು ಭಾವಿಸಿದರೆ, ಆ ನಾಲ್ಕು ಘನ ಮೀಟರು ಗಾಳಿಯಲ್ಲಿ ಇರುವ ಇಂಗಾಲಾಮ್ಲ, ಸಕಲೇಶಪುರದ ಎತ್ತರದಲ್ಲಿ, ಸುಮಾರು 2.7 ಗ್ರಾಂ ಮಾತ್ರ. ಚೆನ್ನಾಗಿ ಹಬ್ಬಿದ ತರಕಾರಿ ಬೆಳೆಯಾದರೋ ಒಳ್ಳೆಯ ಬೆಳಕಿನಲ್ಲಿ ಒಂದು ಚದರ ಮೀಟರು ನೆಲಕ್ಕೆ ಗಂಟೆಗೆ ಸುಮಾರು 3 ಗ್ರಾಮಿನಷ್ಟನ್ನು ಹೀರಿಕೊಳ್ಳಬಲ್ಲುದು. ಅರ್ಥಾತ್, ಪರದೆಗಳು ನಿಜವಾಗಿ ಬಿಗಿಯಾಗಿದ್ದರೆ ಮನೆಯಲ್ಲಿರುವ ಅನ್ನವೆಲ್ಲ ಒಂದು ಗಂಟೆಗೂ ಸಾಲದು! ವಸ್ತುತಃ ಅದು ಪೂರ್ತಿ ಬರಿದಾಗುವುದಿಲ್ಲ. ಬಿರುಕುಗಳಿಂದ ಸ್ವಲ್ಪ ಗಾಳಿ ನುಸುಳುತ್ತದೆ, ಮಣ್ಣಿನ ಜೀವಾಣುಗಳು ಸ್ವಲ್ಪ ಬಿಡುತ್ತವೆ. ಪ್ರಮಾಣ ಇಳಿದಂತೆಲ್ಲ ಗಿಡದ ಹೀರಿಕೆಯೂ ಮಂದವಾಗುತ್ತದೆ. ಆದರೂ ಬಿಸಿಲೇರಿದ ಬೆಳಿಗ್ಗೆ ಮುಚ್ಚಿದ ಹಸಿರುಮನೆಗಳಲ್ಲಿ ಅದು 200 ಪಾಲಿಗೆ, ಕೆಲವೊಮ್ಮೆ ಅದಕ್ಕೂ ಕೆಳಕ್ಕೆ ಇಳಿಯುವುದನ್ನು ಅನೇಕ ದೇಶಗಳಲ್ಲಿ ಅಳೆದಿದ್ದಾರೆ. 420ರಿಂದ 200ಕ್ಕೆ ಇಳಿದರೆ ದ್ಯುತಿಸಂಶ್ಲೇಷಣೆಯ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಬೀಳುತ್ತದೆ. ಸುಮಾರು 50 ಪಾಲಿಗೆ ಇಳಿದರಂತೂ ಗಿಡ ಗಳಿಸಿದುದಕ್ಕೂ ಕಳೆದುದಕ್ಕೂ ಸರಿಹೋಗಿ ಉಳಿತಾಯವೇ ಇರುವುದಿಲ್ಲ.

ಆಲೂರಿನ ಆ ಹಿರಿಯರ ಗಿಡಗಳು ಬೆಳಗಿನ ಏಳೂವರೆಯಿಂದ ಹತ್ತರವರೆಗೆ, ಅಂದರೆ ಬೆಳಕು ಹದವಾಗಿ ಹವೆ ತಂಪಾಗಿರುವ ದಿನದ ಅತ್ಯುತ್ತಮ ಕಾಲದಲ್ಲಿ, ಬರಿಯ ಪಾತ್ರೆಯನ್ನು ಕೆರೆಯುತ್ತಿದ್ದುವೆಂದು ತೋರುತ್ತದೆ. ಹಾಗೆಂದು ಅವರ ಅಭ್ಯಾಸ ಪೂರ್ತಿ ತಪ್ಪೂ ಅಲ್ಲ. ರಾತ್ರಿಯೆಲ್ಲ ಗಿಡವೂ ಮಣ್ಣೂ ಉಸಿರಾಡಿ ಇಂಗಾಲಾಮ್ಲವನ್ನು ಬಿಡುವುದರಿಂದ, ಮುಚ್ಚಿದ ಮನೆಯಲ್ಲಿ ಬೆಳಗಿನ ಜಾವಕ್ಕೆ ಅದು ಹೊರಗಿನ ಗಾಳಿಯಲ್ಲಿರುವುದಕ್ಕಿಂತ ಬಹಳ ಹೆಚ್ಚಾಗಿರುತ್ತದೆ. ಕೊಟ್ಟಿಗೆಗೊಬ್ಬರ ಧಾರಾಳವಾಗಿ ಬಿದ್ದ ಮಡಿಗಳಲ್ಲಿ ಮತ್ತಷ್ಟು ಹೆಚ್ಚು. ಈ ಮೂಲಧನವನ್ನು ಗಿಡಗಳು ಸೂರ್ಯೋದಯದ ಮೇಲೆ ಉಂಡು ಮುಗಿಸುವವರೆಗೆ ಪರದೆಯನ್ನು ಇಳಿಬಿಡುವುದೇ ಜಾಣತನ. ಮಲೆನಾಡಿನ ಚಳಿಗಾಲದ ರಾತ್ರಿ ದೊಣ್ಣೆಮೆಣಸಿಗೆ ಹಿತವಾದ ಮಟ್ಟಕ್ಕಿಂತ ತಂಪು ಎಂಬುದೂ ನಿಜ. ತಪ್ಪಿರುವುದು ಮುಚ್ಚುವುದರಲ್ಲಿ ಅಲ್ಲ, ತೆರೆಯುವ ಹೊತ್ತಿನಲ್ಲಿ; ಆ ತಪ್ಪು ಎರಡು ಗಂಟೆಯದು. ದಿನಕ್ಕೆರಡು ಗಂಟೆಯೆಂದರೆ ಬೆಳೆಯ ಇಡೀ ಆಯುಸ್ಸಿನಲ್ಲಿ ಎಷ್ಟಾಯಿತೆಂಬುದನ್ನು ಓದುಗರೇ ಗುಣಿಸಿಕೊಳ್ಳಬಹುದು.

ಎತ್ತರದ ವಿಚಾರವನ್ನೂ ಇಲ್ಲಿ ಒಂದು ಮಾತಿನಲ್ಲಿ ಹೇಳಬೇಕು. ಸಮುದ್ರಮಟ್ಟದಿಂದ ಸುಮಾರು 950 ಮೀಟರು ಎತ್ತರದ ಈ ಸೀಮೆಯಲ್ಲಿ ವಾಯುಭಾರ ಕರಾವಳಿಗಿಂತ ನೂರಕ್ಕೆ ಹತ್ತರಷ್ಟು ಕಡಿಮೆ. ಹತ್ತು ಲಕ್ಷಕ್ಕೆ 420 ಎಂಬ ಅನುಪಾತ ಒಂದೇ ಆದರೂ, ಗಾಳಿಯೇ ತೆಳುವಾದುದರಿಂದ ಒಂದು ಘನ ಮೀಟರಿನಲ್ಲಿರುವ ಇಂಗಾಲಾಮ್ಲದ ತೂಕ ಕಡಿಮೆ. ತೆಳುವಾದ ಗಾಳಿಯಲ್ಲಿ ಅನಿಲ ಬೇಗನೆ ಹರಡುವುದರಿಂದಲೂ, ಆಮ್ಲಜನಕವೂ ಅಷ್ಟೇ ಕಡಿಮೆಯಾಗಿರುವುದರಿಂದಲೂ ಈ ನಷ್ಟ ಬಹುಮಟ್ಟಿಗೆ ತುಂಬಿಬರುತ್ತದೆ. ಆದಕಾರಣ ತೆರೆದ ಹೊಲಕ್ಕೆ ಇದು ದೊಡ್ಡ ಕೊರತೆಯಲ್ಲ. ಮುಚ್ಚಿದ ಮನೆಗೆ ಮಾತ್ರ, ದಾಸ್ತಾನು ಮೊದಲೇ ಹತ್ತರಲ್ಲೊಂದು ಪಾಲು ಕಡಿಮೆಯೆಂಬುದು ನೆನಪಿನಲ್ಲಿರಬೇಕು.

ಆಮ್ಲಜನಕದ ಮಾತು ಬಂದುದಕ್ಕೆ ಕಾರಣವಿದೆ. ಎಲೆಯಲ್ಲಿ ಇಂಗಾಲಾಮ್ಲವನ್ನು ಹಿಡಿದು ಕಟ್ಟುವ ಕಿಣ್ವಕ್ಕೆ ರುಬಿಸ್ಕೋ ಎಂದು ಹೆಸರು. ಈ ಕಿಣ್ವಕ್ಕೆ ಒಂದು ದೌರ್ಬಲ್ಯ: ಇಂಗಾಲಾಮ್ಲ ಸಿಗದಾಗ, ಸಿಕ್ಕಿದಾಗಲೂ ಒಮ್ಮೊಮ್ಮೆ, ಅದು ಆಮ್ಲಜನಕವನ್ನು ಹಿಡಿದುಬಿಡುತ್ತದೆ. ಹಾಗಾದಾಗ ಸಕ್ಕರೆ ಹುಟ್ಟುವುದಕ್ಕೆ ಬದಲು, ಮೊದಲು ಗಳಿಸಿದ ಇಂಗಾಲದ ಒಂದಂಶ ಮತ್ತೆ ಗಾಳಿಗೆ ಹೋಗುತ್ತದೆ. ಬೆಳಕಿನಲ್ಲಿ ನಡೆಯುವ ಈ ವ್ಯರ್ಥ ಉಸಿರಾಟದಿಂದ ಹದವಾದ ಹವೆಯಲ್ಲಿಯೂ ಗಳಿಕೆಯ ಐದರಲ್ಲೊಂದರಿಂದ ನಾಲ್ಕರಲ್ಲೊಂದು ಪಾಲು ಸೋರಿಹೋಗುತ್ತದೆ. ಹವೆ ಕಾದಂತೆಲ್ಲ ಸೋರಿಕೆ ಹೆಚ್ಚುತ್ತದೆ. ಇಂಗಾಲಾಮ್ಲ ಕಡಿಮೆಯಾದಂತೆಲ್ಲ ಮತ್ತೂ ಹೆಚ್ಚುತ್ತದೆ. ಮುಚ್ಚಿದ, ಕಾದ, ಗಾಳಿಯಾಡದ ಮನೆಯಲ್ಲಿ ಈ ಎರಡು ಕೇಡುಗಳೂ ಕೂಡಿಯೇ ಬರುತ್ತವೆ.

ಹಸಿರುಮನೆ ಏಕೆ ಕಾಯುತ್ತದೆಂಬ ಬಗೆಗೆ ವಿದ್ಯಾವಂತರಲ್ಲಿಯೂ ಒಂದು ತಪ್ಪು ತಿಳಿವಳಿಕೆಯಿದೆ. ಗಾಜು ಬೆಳಕನ್ನು ಒಳಗೆ ಬಿಟ್ಟು ಶಾಖವನ್ನು ಹೊರಗೆ ಬಿಡದಿರುವುದೇ ಇದಕ್ಕೆ ಕಾರಣವೆಂದು ನಾವೂ ಶಾಲೆಯಲ್ಲಿ ಕಲಿತವರೇ. 1909ರಲ್ಲಿ ಆರ್. ಡಬ್ಲ್ಯು. ವುಡ್ ಎಂಬ ಭೌತವಿಜ್ಞಾನಿ ಎರಡು ಪೆಟ್ಟಿಗೆಗಳನ್ನು ಮಾಡಿ, ಒಂದಕ್ಕೆ ಗಾಜನ್ನೂ ಇನ್ನೊಂದಕ್ಕೆ ಶಾಖಕಿರಣಗಳನ್ನು ತಡೆಯದ ಕಲ್ಲುಪ್ಪಿನ ಹಲಗೆಯನ್ನೂ ಮುಚ್ಚಿ ಬಿಸಿಲಿನಲ್ಲಿಟ್ಟನು. ಎರಡೂ ಹೆಚ್ಚುಕಡಿಮೆ ಒಂದೇ ಸಮನಾಗಿ ಕಾದುವು. ಕಾದ ಗಾಳಿ ಮೇಲೇರಿ ಹೋಗಲು ದಾರಿಯಿಲ್ಲದಿರುವುದೇ ಹಸಿರುಮನೆಯ ಶಾಖಕ್ಕೆ ಮುಖ್ಯ ಕಾರಣವೆಂಬುದು ಅವನ ನಿರ್ಣಯ. ಎಂದಮೇಲೆ ಶಾಖವನ್ನು ಆಳುವುದೆಂದರೆ ಗಾಳಿಯ ದಾರಿಯನ್ನು ಆಳುವುದೇ ಸರಿ. ಬೆಂಗಳೂರಿನ ಲಾಲ್‌ಬಾಗಿನಲ್ಲಿ 1889ರಲ್ಲಿ ಅಡಿಗಲ್ಲು ಬಿದ್ದ ಗಾಜಿನ ಮನೆಯನ್ನು ಲಂಡನ್ನಿನ 1851ರ ಸ್ಫಟಿಕ ಸೌಧದ ಮಾದರಿಯಲ್ಲಿ ಕಟ್ಟಿದರೆಂದು ನಮ್ಮ ಪುಸ್ತಕಗಳೆಲ್ಲ ಹೇಳುತ್ತವೆ. ಅದರ ಪಕ್ಕಗಳು ಬಹುಮಟ್ಟಿಗೆ ತೆರೆದೇ ಇರುವುದನ್ನು ನೋಡುವವರು ಕಡಿಮೆ. ಚಳಿಯ ದೇಶದ ಮನೆಯನ್ನು ಬಿಸಿಲಿನ ದೇಶಕ್ಕೆ ತಂದವರು ಗೋಡೆಯನ್ನು ಅಲ್ಲಿಯೇ ಬಿಟ್ಟು ಬಂದರು!

ಚಳಿಯ ದೇಶಗಳಲ್ಲಿ ಕಥೆಯೇ ಬೇರೆ. ರೋಮಿನ ಚಕ್ರವರ್ತಿ ತಿಬೇರಿಯಸ್ಸನಿಗೆ ವರ್ಷವಿಡೀ ಸೌತೆಯ ಜಾತಿಯ ಕಾಯಿಯನ್ನು ಒದಗಿಸಲು ಪಾರದರ್ಶಕ ಶಿಲೆಯ ಹಲಗೆಗಳನ್ನು ಮುಚ್ಚಿ ಬೆಳೆಸುತ್ತಿದ್ದರೆಂದು ಪ್ಲಿನಿ ಬರೆದಿದ್ದಾನೆ. ಇಂದು ಹಾಲೆಂಡಿನ ಗಾಜಿನಮನೆಗಳಲ್ಲಿ ಶಾಖಕ್ಕಾಗಿ ಅನಿಲವನ್ನು ಉರಿಸಿ, ಹೊಗೆಯಲ್ಲಿನ ಇಂಗಾಲಾಮ್ಲವನ್ನು ಗಿಡಗಳಿಗೆ ಉಣಿಸುತ್ತಾರೆ. ರಾಟರ್‌ಡ್ಯಾಮಿನ ಕಡೆಯ ಕಾರ್ಖಾನೆಗಳಲ್ಲಿ ಹುಟ್ಟುವ ಇಂಗಾಲಾಮ್ಲವನ್ನೇ 2005ರಿಂದ ಕೊಳವೆಯ ಮೂಲಕ ತೋಟಗಳಿಗೆ ಹರಿಸುತ್ತಿದ್ದಾರೆ. ಇದನ್ನು ಓದಿದವರು ನಮ್ಮಲ್ಲಿಯೂ ಸಿಲಿಂಡರು ತಂದಿಟ್ಟರಾಗದೇ ಎಂದು ಕೇಳುವುದು ಸಹಜ. ಕಿಟಕಿ ಮುಚ್ಚಿದ ಮನೆಯಲ್ಲಿ ಮಾತ್ರ ಆ ವಾಯು ನಿಲ್ಲುತ್ತದೆ. ನಮ್ಮ ಬಿಸಿಲಿನಲ್ಲಿ ಕಿಟಕಿ ಮುಚ್ಚಿದರೆ ಗಿಡ ಬೇಯುತ್ತದೆ. ತೆರೆದರೆ ಕೊಂಡ ವಾಯು ಬೆಟ್ಟಕ್ಕೆ ಹೋಗುತ್ತದೆ. ಆದಕಾರಣ ಯಂತ್ರದಿಂದ ತಂಪುಮಾಡದ ನಮ್ಮ ಸಾಧಾರಣ ಪಾಲಿಹೌಸುಗಳಿಗೆ ಅದು ಹೊಂದುವ ಉಪಾಯವಲ್ಲವೆಂಬುದು ನಮ್ಮ ಅಭಿಪ್ರಾಯ. ಹೊರಗಿನ ಗಾಳಿಯಲ್ಲಿ ಬೆಲೆಯಿಲ್ಲದೆ ಸಿಗುವ 420 ಪಾಲನ್ನು ಒಳಗೂ ಕಾಪಾಡಿಕೊಳ್ಳುವುದು ಮೊದಲನೆಯ ಕೆಲಸ.

ತೇವದ ವಿಷಯ ಇದಕ್ಕಿಂತ ಜಟಿಲವಾದುದು. ಸಕಲೇಶಪುರದ ಸೀಮೆಗೆ ಅದೇ ಮುಖ್ಯವಾದುದು. ಗಾಳಿ ನೂರಕ್ಕೆ ಇಷ್ಟು ತೇವವಾಗಿದೆಯೆಂದು ಹೇಳುವ ವಾಡಿಕೆ ಗಿಡದ ಸ್ಥಿತಿಯನ್ನು ಸರಿಯಾಗಿ ತಿಳಿಸುವುದಿಲ್ಲ. ಗಾಳಿ ಇನ್ನೂ ಎಷ್ಟು ಆವಿಯನ್ನು ಕುಡಿಯಬಲ್ಲುದು, ಅದರ ಬಾಯಾರಿಕೆ ಎಷ್ಟು, ಎಂಬುದೇ ಮುಖ್ಯ. ಅದನ್ನು ಆವಿಯ ಒತ್ತಡದ ಕೊರತೆಯೆಂದು ಕರೆದು ಕಿಲೋಪ್ಯಾಸ್ಕಲ್‌ಗಳಲ್ಲಿ ಅಳೆಯುತ್ತಾರೆ. ತರಕಾರಿಗಳಿಗೆ ಈ ಕೊರತೆ ಸುಮಾರು ಅರ್ಧದಿಂದ ಒಂದೂಕಾಲು ಕಿಲೋಪ್ಯಾಸ್ಕಲ್‌ವರೆಗೆ ಇದ್ದರೆ ಹಿತ. ಜುಲೈ ತಿಂಗಳ ಮಳೆಯಲ್ಲಿ ಮನೆಯೊಳಗೆ 22 ಡಿಗ್ರಿ ಸೆಂಟಿಗ್ರೇಡ್ ಶಾಖವೂ ನೂರಕ್ಕೆ 95ರ ತೇವವೂ ಇದ್ದರೆ ಕೊರತೆ 0.13 ಮಾತ್ರ, ಗಾಳಿಗೆ ಬಾಯಾರಿಕೆಯೇ ಇಲ್ಲ. ಮಾರ್ಚಿಯ ಮಧ್ಯಾಹ್ನ ಅದೇ ಮನೆಯಲ್ಲಿ 40 ಡಿಗ್ರಿ ಶಾಖವೂ ನೂರಕ್ಕೆ 40ರ ತೇವವೂ ಇದ್ದರೆ ಕೊರತೆ 4.4, ಇದು ದಾಹವಲ್ಲ, ದಾವಾಗ್ನಿ. ಒಂದೇ ಮನೆ, ಒಂದೇ ಬೆಳೆ. ನಾಲ್ಕು ತಿಂಗಳ ಅಂತರದಲ್ಲಿ ಮೂವತ್ತು ಪಟ್ಟಿಗೂ ಹೆಚ್ಚಿನ ವ್ಯತ್ಯಾಸ.

ಮಾರ್ಚಿಯ ಸ್ಥಿತಿಯಲ್ಲಿ ಗಿಡ ನೀರನ್ನು ಉಳಿಸಿಕೊಳ್ಳಲು ಪತ್ರರಂಧ್ರಗಳನ್ನು ಮುಚ್ಚುತ್ತದೆ. ಹೊರಗೆ ಇಂಗಾಲಾಮ್ಲ ಎಷ್ಟಿದ್ದರೇನು, ಬಾಗಿಲೇ ಮುಚ್ಚಿದೆ. ನೀರು ಆವಿಯಾಗದೆ ಎಲೆ ತಂಪಾಗುವುದೂ ನಿಲ್ಲುತ್ತದೆ. ಎಲೆ ಗಾಳಿಗಿಂತಲೂ ಹೆಚ್ಚು ಕಾಯುತ್ತದೆ. ಮೇಲೆ ಹೇಳಿದ ಸೋರಿಕೆ ಹೆಚ್ಚುತ್ತದೆ. ಹೂವು ಉದುರುವುದು ಇಂತಹ ದಿನಗಳಲ್ಲಿಯೇ. ಮಣ್ಣು ಒದ್ದೆಯಾಗಿಯೇ ಇದ್ದರೂ ಮಧ್ಯಾಹ್ನ ಬಾಡಿದ ಗಿಡವನ್ನು ಕಂಡು ಮತ್ತಷ್ಟು ನೀರು ಬಿಡುವವರುಂಟು. ಬೇರಿಗೆ ಉಸಿರು ಕಟ್ಟುವುದೇ ಅದರ ಫಲ. ಆ ಹೊತ್ತಿಗೆ ಬೇಕಾದುದು ಮೇಲ್ಗಡೆಯ ಗಾಳಿಕಂಡಿ, ಸ್ವಲ್ಪ ನೆರಳು, ಹಾದಿಗಳ ಮೇಲೆ ತುಂತುರು.

ಜುಲೈಯ ಸ್ಥಿತಿ ಮೇಲ್ನೋಟಕ್ಕೆ ಸುಖಕರವೆಂದು ತೋರುತ್ತದೆ. ಬಾಗಿಲುಗಳು ತೆರೆದೇ ಇರುತ್ತವೆ. ಆದರೆ ಬಾಷ್ಪ ವಿಸರ್ಜನೆಯಿಲ್ಲದೆ ಬೇರಿನಿಂದ ಮೇಲಕ್ಕೆ ನೀರಿನ ಹರಿವಿಲ್ಲ. ಆ ಹರಿವಿನೊಡನೆ ಬರಬೇಕಾದ ಸುಣ್ಣದಂಶ ಬೆಳೆಯುವ ತುದಿಗಳನ್ನು ತಕ್ಕಷ್ಟು ಸೇರದು. ಟೊಮೆಟೊ ಮತ್ತು ದೊಣ್ಣೆಮೆಣಸುಗಳಲ್ಲಿ ಕಾಯಿಯ ತಳ ಕಪ್ಪಾಗಿ ಕೊಳೆಯುವುದಕ್ಕೆ ಮಣ್ಣಿನಲ್ಲಿ ಸುಣ್ಣದ ಅಭಾವಕ್ಕಿಂತ ಈ ಹರಿವಿನ ಏರುಪೇರೇ ಹೆಚ್ಚಿನ ವೇಳೆ ಕಾರಣ. ಪರಾಗವು ಒದ್ದೆಯಾಗಿ ಮುದ್ದೆಗಟ್ಟುತ್ತದೆ. ಹಾಳೆಯ ಒಳಮೈಯಿಂದ ಹನಿಗಳು ತೊಟ್ಟಿಕ್ಕುತ್ತವೆ. ಎಲೆಯ ಮೇಲೆ ನಿಂತ ನೀರು ಬೂಷ್ಟುರೋಗಗಳಿಗೆ ಆಹ್ವಾನ. ರೋಗ ತಗಲಿದ ಎಲೆಯಿಂದ ದ್ಯುತಿಸಂಶ್ಲೇಷಣೆಯನ್ನು ನಿರೀಕ್ಷಿಸುವುದು ವ್ಯರ್ಥ. ಮಳೆಯ ಇರುಚಲು ಬಡಿಯುತ್ತದೆಂದು ಎಲ್ಲ ಪರದೆಗಳನ್ನೂ ಇಳಿಸಿ ವಾರಗಟ್ಟಲೆ ಬಿಟ್ಟರೆ ಇದೆಲ್ಲವೂ ಖಂಡಿತ. ಮುಂಗಾರಿನ ಗಾಳಿ ಪಡುವಣದಿಂದ ಬೀಸುವುದರಿಂದ, ಮೂಡಣದ ಪರದೆಯನ್ನೂ ಗಾಳಿಗೆ ಬೆನ್ನಾಗಿರುವ ಮೇಲಿನ ಕಂಡಿಯನ್ನೂ ಮಳೆಯಲ್ಲಿಯೂ ತೆರೆದಿಡಲು ಸಾಧ್ಯವಿರುವಂತೆ ಕಟ್ಟುವಾಗಲೇ ದಿಕ್ಕನ್ನು ನೋಡಬೇಕು. ಬಯಲುಸೀಮೆಯ ನಕ್ಷೆಯನ್ನೇ ತಂದು ಘಟ್ಟದ ಅಂಚಿನಲ್ಲಿ ನೆಟ್ಟರೆ ಈ ಅನುಕೂಲ ಸಿಗದು. ಕೀಟಗಳನ್ನು ತಡೆಯಲು ಹಾಕುವ ಸಣ್ಣ ಕಣ್ಣಿನ ಬಲೆ ಗಾಳಿಯನ್ನೂ ತಡೆಯುತ್ತದೆಂಬುದನ್ನು ಲೆಕ್ಕಕ್ಕೆ ಹಿಡಿದು ಕಂಡಿಗಳನ್ನು ಅಷ್ಟು ದೊಡ್ಡದಾಗಿಯೇ ಇಡಬೇಕಾಗುತ್ತದೆ.

ನಿಂತ ಗಾಳಿ ಮತ್ತೊಂದು ವಿಧದಿಂದಲೂ ಕೆಡಕು. ಎಲೆಯ ಮೈಗೆ ಅಂಟಿಕೊಂಡು ಒಂದು ತೆಳ್ಳನೆಯ ನಿಶ್ಚಲ ಗಾಳಿಯ ಪದರವಿರುತ್ತದೆ. ಅದರಲ್ಲಿನ ಇಂಗಾಲಾಮ್ಲ ತೀರಿದ ಮೇಲೆ, ಒಂದು ಮೊಳ ಆಚೆಗೆ ಸಮೃದ್ಧಿಯಿದ್ದರೂ, ಎಲೆಗೆ ಕ್ಷಾಮವೇ. ಎಲೆಗಳು ಮೆಲ್ಲನೆ ಅಲುಗುವಷ್ಟು ಗಾಳಿಯಾಡಿದರೆ ಈ ಪದರ ತೆಳುವಾಗುತ್ತದೆ. ಕೆಳಗಿನ ಎಲೆಗಳನ್ನು ಸವರಿ ಸಾಲುಗಳ ನಡುವೆ ದಾರಿ ಬಿಡುವುದರಿಂದಲೂ ಅರ್ಧ ಕೆಲಸ ಆಗುತ್ತದೆ.

ಇಷ್ಟನ್ನು ಹೇಳಿದ ಮೇಲೆ ಬೆಳಕನ್ನು ಬಿಟ್ಟರೆ ವಿಷಯ ಅಪೂರ್ಣವಾಗುತ್ತದೆ. 1905ರಲ್ಲಿ ಎಫ್. ಎಫ್. ಬ್ಲ್ಯಾಕ್‌ಮನ್ ಎಂಬ ಸಸ್ಯವಿಜ್ಞಾನಿ ಒಂದು ನಿಯಮವನ್ನು ನಿರೂಪಿಸಿದನು: ಅನೇಕ ಕಾರಣಗಳು ಕೂಡಿ ನಡೆಸುವ ಕಾರ್ಯದ ವೇಗವನ್ನು, ಅವುಗಳಲ್ಲಿ ಯಾವುದು ಅತ್ಯಂತ ಕೊರತೆಯಲ್ಲಿದೆಯೋ ಅದೇ ನಿರ್ಧರಿಸುತ್ತದೆ. ಜನವರಿಯ ಬೆಳಿಗ್ಗೆ ಆ ಕೊರತೆ ಇಂಗಾಲಾಮ್ಲದ್ದು, ಮಾರ್ಚಿಯ ಮಧ್ಯಾಹ್ನ ಪತ್ರರಂಧ್ರದ್ದು, ಜುಲೈಯಲ್ಲಿ ಬೆಳಕಿನದು. ಘಟ್ಟದಂಚಿನ ಕಾರ್ಮೋಡ ಕವಿದಾಗ ಬೆಳಕು ನಿರ್ಮಲ ದಿನದ ಐದರಲ್ಲೊಂದು ಪಾಲಿಗೂ ಕಡಿಮೆಯಾಗುವ ಹೊತ್ತುಗಳುಂಟು. ಹೊಸದಾದಾಗ ನೂರಕ್ಕೆ 85ರಷ್ಟು ಬೆಳಕನ್ನು ಬಿಡುವ ಹಾಳೆ, ಪಾಚಿ ಕಟ್ಟಿ ಧೂಳು ಹಿಡಿದ ಮೇಲೆ ಅದರಲ್ಲಿಯೂ ಒಂದು ಪಾಲನ್ನು ನುಂಗುತ್ತದೆ. ಇಂತಹ ದಿನಗಳಲ್ಲಿ ಒಳಗನ್ನು ಬೆಚ್ಚಗಿಡುವುದು ಉಪಕಾರವಲ್ಲ. ಗಳಿಕೆ ಕಡಿಮೆಯಾದಾಗ ಬೆಚ್ಚನೆಯ ಹವೆ ಉಸಿರಾಟದ ಖರ್ಚನ್ನು ಮಾತ್ರ ಹೆಚ್ಚಿಸುತ್ತದೆ. ಗಿಡ ಉದ್ದುದ್ದ ಬೆಳೆದು ಸೊರಗುತ್ತದೆ. ಬೆಳಕು ಕುಂದಿದಾಗ ಶಾಖವೂ ಕುಂದುವಂತೆ ನೋಡಿಕೊಳ್ಳುವುದು ಹಸಿರುಮನೆಯ ಹಳೆಯ ನೀತಿ.

ಇಲ್ಲಿ ನಮ್ಮ ವಿಷಯ ನಮ್ಮ ಶಾಸ್ತ್ರವನ್ನು ಬಂದು ಸೇರುತ್ತದೆ. ಈ ಪಾಠವನ್ನು ಮಂಜರಾಬಾದಿನ ಸೀಮೆ ಒಮ್ಮೆ ದುಬಾರಿ ಬೆಲೆ ತೆತ್ತು ಕಲಿತಿದ್ದಿತು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಇಲ್ಲಿಗೆ ಬಂದ ಯೂರೋಪಿಯನ್ ಪ್ಲಾಂಟರುಗಳಲ್ಲಿ ಹಲವರು, ಬಿಸಿಲು ಹೆಚ್ಚಿದಷ್ಟೂ ಫಸಲು ಹೆಚ್ಚೆಂದು ಬಗೆದು, ಕಾಡನ್ನು ಬೋಳಿಸಿ ಕಾಫಿಯನ್ನು ನೆಟ್ಟರು. ಸ್ಥಳೀಯ ಬೆಳೆಗಾರರು ಕಾಡುಮರಗಳ ಅಡಿಯಲ್ಲಿಯೇ ಗಿಡ ಬೆಳೆಸುವ ರೂಢಿಯನ್ನು ಅವರು ಸೋಮಾರಿತನವೆಂದು ಎಣಿಸಿದ್ದರೋ ಏನೋ. 1860ರ ದಶಕದಲ್ಲಿ ಕಾಂಡಕೊರಕ ಹುಳುವಿನ ಹಾವಳಿ ಎದ್ದು, ಬಿಸಿಲಿಗೆ ತೆರೆದ ತೋಟಗಳು ಹಾಳಾದುವು. ಇದನ್ನು ಪರಿಶೀಲಿಸಲು ನೇಮಕಗೊಂಡ ಡಾಕ್ಟರ್ ಜಾರ್ಜ್ ಬಿಡೀ 1869ರ ತಮ್ಮ ವರದಿಯಲ್ಲಿ ನೆರಳಿನ ಪರವಾಗಿ ವಾದಿಸಿದರು. ಮಂಜರಾಬಾದಿನಲ್ಲಿಯೇ ತೋಟ ಮಾಡಿದ್ದ ರಾಬರ್ಟ್ ಎಲಿಯಟ್, 1894ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ನೆರಳಿನ ವಿಷಯವನ್ನು ವಿಸ್ತಾರವಾಗಿ ಚರ್ಚಿಸಿ, ಯಾವ ಮರ ಹಿತ, ಯಾವುದು ಅಹಿತವೆಂದು ವಿವೇಚಿಸಿದ್ದಾನೆ. ಇಂದಿಗೂ ತೋಟಗಳಲ್ಲಿ ಬೇಸಗೆಯಲ್ಲಿ ನೆರಳನ್ನು ಉಳಿಸಿಕೊಂಡು, ಮುಂಗಾರಿನ ಮೋಡ ಕವಿಯುವ ಹೊತ್ತಿಗೆ ಮರಗಸಿ ಮಾಡಿ ಬೆಳಕನ್ನು ಒಳಗೆ ಬಿಡುತ್ತಾರೆ. ಬ್ಲ್ಯಾಕ್‌ಮನ್ನನ ನಿಯಮವನ್ನು ಕೇಳಿಯೇ ಇಲ್ಲದ ಕೂಲಿಯಾಳು ಕತ್ತಿ ಹಿಡಿದು ಮರವೇರಿ ಅದನ್ನು ಪಾಲಿಸುತ್ತಾನೆ. ಎಷ್ಟೋ ವೇಳೆ ಪ್ರಾಣಾಪಾಯವನ್ನೂ ಎದುರಿಸಿ. ಪ್ಲಾಂಟರುಗಳ ಗ್ರಂಥಗಳಲ್ಲಿ ಅವನ ಹೆಸರು ಇಲ್ಲದಿರುವುದು ಇತಿಹಾಸಕಾರರು ವಿಚಾರಿಸತಕ್ಕ ಇನ್ನೊಂದು ಪ್ರಶ್ನೆ.

ಕಾಫಿಯೂ ಏಲಕ್ಕಿಯೂ ಹುಟ್ಟಿನಿಂದ ಕಾಡಿನ ನೆರಳಿನ ಗಿಡಗಳು. ಟೊಮೆಟೊ, ದೊಣ್ಣೆಮೆಣಸುಗಳು ಹಾಗಲ್ಲ. ಅವಕ್ಕೆ ಬೆಳಕು ಹೆಚ್ಚು ಬೇಕು. ಆದುದರಿಂದ ಕಾಫಿಯ ತೋಟದ ಅನುಭವವನ್ನು ಪಾಲಿಹೌಸಿಗೆ ಹಾಗೆಯೇ ಹೊಂದಿಸಲಾಗದು. ಋತುವಿಗೆ ತಕ್ಕಂತೆ ನೆರಳನ್ನು ಬದಲಿಸುವ ವಿವೇಕವನ್ನಾದರೋ ಹೊಂದಿಸಬಹುದು. ಬೇಸಗೆಯಲ್ಲಿ ಎಳೆದ ನೆರಳುಬಲೆಯನ್ನು ಮಳೆಗಾಲದಲ್ಲಿಯೂ ಹಾಗೆಯೇ ಬಿಟ್ಟಿರುವ ಪಾಲಿಹೌಸುಗಳನ್ನು ಈ ಸೀಮೆಯಲ್ಲಿಯೇ ನಾವು ಕಂಡಿದ್ದೇವೆ. ತನ್ನ ಕಾಫಿಯ ತೋಟದಲ್ಲಿ ತಪ್ಪದೆ ಮರಗಸಿ ಮಾಡಿಸುವ ಮನುಷ್ಯನೇ, ಬೇಲಿಯ ಈಚೆಗಿನ ಪಾಲಿಹೌಸಿನಲ್ಲಿ ಅದನ್ನು ಮರೆಯುತ್ತಾನೆ. ಕಟ್ಟಿಕೊಟ್ಟವರು ಕಟ್ಟಡವನ್ನು ಒಪ್ಪಿಸಿ ಹೋದರೇ ಹೊರತು ಅದರೊಳಗಿನ ಗಾಳಿಯ ನಡೆಯನ್ನು ತಿಳಿಸಲಿಲ್ಲ.

2005-06ರಲ್ಲಿ ಆರಂಭವಾದ ರಾಷ್ಟ್ರೀಯ ತೋಟಗಾರಿಕಾ ಮಿಷನ್, 2014-15ರಲ್ಲಿ ರಾಜ್ಯ ಸರ್ಕಾರ ತಂದ ಕೃಷಿಭಾಗ್ಯ ಯೋಜನೆಗಳು ಪಾಲಿಹೌಸಿಗೆ ಸಹಾಯಧನವನ್ನು ಒದಗಿಸಿದುವು. ಆಲೂಗೆಡ್ಡೆಗೆ ಅಂಗಮಾರಿ, ಗದ್ದೆಗೆ ಆನೆ, ಕಾಫಿಗೆ ಬೆಲೆಯ ಏರಿಳಿತ, ಇವುಗಳ ನಡುವೆ ಬದುಕುವ ಸಣ್ಣ ಹಿಡುವಳಿದಾರರಿಗೆ ಮನೆಯ ಪಕ್ಕದ ಹತ್ತು ಗುಂಟೆಯಲ್ಲಿ ನಿಶ್ಚಿತವಾದ ಬೆಳೆಯೆಂಬ ಆಸೆ ಸಣ್ಣದಲ್ಲ. ಸಾಲದ ಕಂತು ಮಾತ್ರ ಗಿಡದ ಹಸಿವನ್ನು ಕೇಳಿ ಬರುವುದಿಲ್ಲ. ಈ ಸೀಮೆಯ ಪಾಲಿಹೌಸುಗಳಲ್ಲಿ ಒಂದು ಉಷ್ಣಮಾಪಕ, ಒಂದು ತೇವಮಾಪಕ ತೂಗುಹಾಕಿ, ಬೆಳಿಗ್ಗೆ ಏಳು, ಹತ್ತು, ಮಧ್ಯಾಹ್ನ ಎರಡು ಗಂಟೆಗಳಲ್ಲಿ ಅಂಕಿಗಳನ್ನು ಬರೆದಿಡುವ ಕೆಲಸವನ್ನು ಕಾಲೇಜುಗಳ ವಿಜ್ಞಾನ ವಿದ್ಯಾರ್ಥಿಗಳು ಅಲ್ಪ ಖರ್ಚಿನಲ್ಲಿ ಕೈಗೊಳ್ಳಬಹುದು. ಇಂಗಾಲಾಮ್ಲವನ್ನು ಅಳೆಯುವ ಅಂಗೈಯಗಲದ ಉಪಕರಣಗಳೂ ಈಗ ದೊರೆಯುತ್ತವೆ. ಹಾಸನದ ಕಾರೆಕೆರೆಯಲ್ಲಿ ಕೃಷಿ ಕಾಲೇಜು ಇದೆ. ಅಲ್ಲಿನ ತಜ್ಞರ ಸಲಹೆಯೊಡನೆ ಒಂದು ವರ್ಷದ ಅಂಕಿಗಳನ್ನು ಸಂಗ್ರಹಿಸಿದರೆ ಮುಂದಿನ ಪೀಳಿಗೆಯ ಇತಿಹಾಸಕಾರರಿಗೂ ಅದು ಆಕರವಾದೀತು.

ಆ ಹಿರಿಯರನ್ನು ಫೆಬ್ರವರಿಯ ಕೊನೆಯಲ್ಲಿ ನಾವು ಮತ್ತೊಮ್ಮೆ ಕಂಡೆವು. ರಾತ್ರಿಯ ಇಂಗಾಲಾಮ್ಲದ ಲೆಕ್ಕವನ್ನು ವಿವರಿಸಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಕೋಳಿ ಗೂಡಿನ ಬಾಗಿಲು ತೆಗೆಯೋ ಹೊತ್ತಿಗೆ ಇದನ್ನೂ ಎತ್ತಬೇಕು ಅನ್ನಿ" ಎಂದರು. ಕೋಳಿಗೂಡಿನ ಬಾಗಿಲನ್ನು ಬೆಳಗಾಗುತ್ತಲೇ ತೆಗೆಯುವುದರಿಂದ, ಅದಕ್ಕೂ ಒಂದು ಗಂಟೆ ತಡವಾಗಿ ಎತ್ತಿದರೆ ಸಾಕೆಂದು ನಾವು ತಿದ್ದಿದೆವು. ಮೂಡಣದ ಪರದೆಯನ್ನು ಎತ್ತುವ ರಾಟೆ ತುಕ್ಕು ಹಿಡಿದಿದ್ದಿತು. ಅದಕ್ಕೆ ಎಣ್ಣೆ ಬಿಡುವಂತೆ ಮೊಮ್ಮಗನನ್ನು ಕೂಗಿ, ಅವರು ನಮಗೆ ಕಾಫಿ ತರಿಸಿದರು.